ವಸುಧಾಳ ಹಿಂದೆ ಅಣಶಿಯವರೆಗೆ

ದಾಂಡೇಲಿಯಿಂದ ಹಳಿಯಾಳಕ್ಕೆ ನಾನು ಬಸ್ಸಿನಲ್ಲಿ ಹೋದೆ. ಹೆಂಗಸರಿಗೆ ಶೂನ್ಯ ದರದ ಟಿಕೆಟ್, ಹಾಗಾಗಿ ಕೂರಲು ಜಾಗವಿರಲಿಲ್ಲ. ನಿಲ್ದಾಣದ ಎದುರು ವಸುಧಾ ದೊಡ್ಡ ಬಿಳಿ ಕಾರಿನಲ್ಲಿ ಕಾಯುತ್ತಿದ್ದಳು. ಒಂದೇ ಪ್ರಯೋಗಾಲಯದಲ್ಲಿ ಅಕ್ಕಪಕ್ಕ ಕೂತು ಇಬ್ಬರೂ ಕ್ಷಯರೋಗದ ಮೇಲೆ ಪಿಎಚ್‌.ಡಿ. ಮಾಡಿದವರು. ಅವಳೀಗ ಪುಣೆಯಲ್ಲಿ ಹೆಸರಾಂತ ವಿಜ್ಞಾನಿ. ಕ್ಷಯದ ಕ್ರಿಮಿಯನ್ನು ಮೈ ಹೇಗೆ ತಡೆಯುತ್ತದೆ ಎಂಬುದೇ ಅವಳ ಸಂಶೋಧನೆ. ನಾನು ದಾಂಡೇಲಿಯ ಬಂಗೂರನಗರದ ಕಾಲೇಜೊಂದರಲ್ಲಿ ಕಪ್ಪೆಯ ಹೃದಯದ ಚಿತ್ರ ಬರೆಸುತ್ತೇನೆ. ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ, ಮುಚ್ಚಿಡುವುದೇನು?

"ಬಾ, ಹತ್ತು. ಎಷ್ಟ ಸೊರಗೀಯಲ್ಲ," ಅಂದಳು.

ರಕ್ತದ ಮಾದರಿ ತೆಗೆಯಲು ಬಂದಿದ್ದವಳು, ಇಲ್ಲಿನ ಊರುಗಳು ನನಗೆ ಗೊತ್ತೆಂದು ಜೊತೆಗೆ ಕರೆದಿದ್ದಳು. ಅವಳ ಲ್ಯಾಬಿನಲ್ಲಿ ಒಂದು ಹುದ್ದೆ ಖಾಲಿ ಇದೆಯೆಂದು ಬೇರೆಯವರಿಂದ ಕೇಳಿದ್ದೆ. ಈ ಎರಡು ದಿನಗಳಲ್ಲಿ ಒಮ್ಮೆಯಾದರೂ "ಬರ್ತೀಯೇನ?" ಅಂತಾಳೆ ಎಂಬ ಆಸೆಯಿಂದಲೇ ರಜೆ ಹಾಕಿದ್ದೆ. ನಾನಾಗಿ ಬಾಯಿ ಬಿಡಲು ಮಾತ್ರ ಸಿದ್ಧಳಿರಲಿಲ್ಲ.

ಮುಂಡಗೋಡಿನಲ್ಲಿ ಮಿರ್ಚಿ ಭಜಿ ತಿಂದು ಚಿಗಳ್ಳಿ ಸೇರುವಷ್ಟರಲ್ಲಿ ಬಿಸಿಲು ಏರಿತ್ತು. ರೈತ ಕಲ್ಲಪ್ಪನ ತಮ್ಮನಿಗೆ ಕ್ಷಯ ತಗುಲಿತ್ತು. ಅದೇ ಕೋಣೆಯಲ್ಲಿ ಮಲಗುತ್ತಿದ್ದ ಕಲ್ಲಪ್ಪನಿಗೆ ಸೋಂಕಿನ ಸುಳಿವೂ ಇಲ್ಲ. ಇಂಥವರ ರಕ್ತದಲ್ಲಿ ಏನಿದೆ ಎಂಬುದು ವಸುಧಾಳ ಪ್ರಶ್ನೆ. ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಆ ಪ್ರಶ್ನೆಯನ್ನು ಮೊದಲು ಎತ್ತಿದವಳು ನಾನು. ಅವಳಿಗೆ ಅದು ನೆನಪಿದ್ದಂತಿಲ್ಲ.

"ಪೂಜಿ ಆಗೂಮಟ ಕೂಡ್ರಿ," ಎಂದು ಒಳಗಿನಿಂದಲೇ ಹೇಳಿದ ಕಲ್ಲಪ್ಪ, ಹಣೆ ತುಂಬ ವಿಭೂತಿಯೊಂದಿಗೆ ಹೊರಬಂದು ತೋಳು ಚಾಚಿದ. "ನನ್ನ ರಕ್ತದಾಗ ಏನ್ ಸಿಗತೈತ್ರಿ?"

"ನಿಮ್ಮ ಮೈಯಾಗ ಕಾವಲು ಹೆಂಗ ಐತಿ, ಅದನ್ನ ನೋಡತೇವ್ರಿ," ಅಂದಳು ವಸುಧಾ.

"ಕಾವಲು ನಂದಲ್ರಿ, ಶಿವಂದು." ಆಮೇಲೆ ನನ್ನತ್ತ ತಿರುಗಿ, "ನೀವೂ ಮೇಡಮ್ಮಾರ ಕೈಯಾಗ ಕೆಲಸ ಮಾಡ್ತೀರೇನ್ರಿ?" ಎಂದ.

"ನನ್ನ ಗೆಳತಿರೀ," ಅಂದಳು ವಸುಧಾ. ಮುಂದೆ ಏನಾದರೂ ಹೇಳಿಯಾಳೆಂದು ಕಾದೆ. ಅವಳು ಕಲ್ಲಪ್ಪನ ಮನೆಯವರು ತಂದಿಟ್ಟ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಳ್ಳತೊಡಗಿದಳು.

ಮರುದಿನ ಜೋಯಿಡಾ ದಾಟಿ ಕಾಡಿನ ದಾರಿಯಲ್ಲಿ ಅಣಶಿಗೆ ಹೋದೆವು. ಚಳಿಯಿತ್ತು. ದಾರಿಯುದ್ದಕ್ಕೂ ಫೋನಿಗೆ ಸಿಗ್ನಲ್ ಇರಲಿಲ್ಲ, ಅವಳು ಒಂದಿಷ್ಟು ಚಡಪಡಿಸಿದಳು, ನನಗೆ ಒಳಗೊಳಗೇ ಖುಷಿಯಾಯಿತು. ಅಲ್ಲಿ ಶಾಂತಾ ಎಂಬಾಕೆ ಕ್ಷಯದ ಗಂಡನನ್ನು ತಿಂಗಳುಗಟ್ಟಲೆ ಆರೈಕೆ ಮಾಡಿದವಳು, ತಾನು ಮಾತ್ರ ಗಟ್ಟಿ. ಅವಳ ಮನೆಮಾತು ಕೊಂಕಣಿ. ಬೇಯಿಸಿದ ಗೆಡ್ಡೆ ಮುಂದಿಟ್ಟು ತಡೆತಡೆದು ಕನ್ನಡದಲ್ಲಿ ಕೇಳಿದಳು: "ಇದ್ರಿಂದ ನನ್ನ ಮಗಳಿಗೆ ಉಪಯೋಗ ಆಗ್ತದಾ?" ವಸುಧಾ ಸಿಗ್ನಲ್ ಹುಡುಕುತ್ತ ದಿಬ್ಬದ ಮೇಲಿದ್ದಳು. "ಆಗಬಹುದು," ಎಂದು ನಾನೇ ಹೇಳಿದೆ.

ವಸುಧಾ ಇಳಿದು ಬಂದು ರಕ್ತ ತೆಗೆದು, ಫೋನು ಹಿಡಿದು ಮತ್ತೆ ದಿಬ್ಬ ಹತ್ತಿದಳು. ಆ ಊರಿನ ಆಶಾ ಕಾರ್ಯಕರ್ತೆ ಶೇವಂತಿಗೆ ಲಸಿಕೆಯನ್ನು ಮಂಜುಗಡ್ಡೆಯಲ್ಲಿ ಒಯ್ದು ಅಭ್ಯಾಸ. ಪರೀಕ್ಷೆಗೆಂದು ನಮ್ಮ ಕಾರಿನಲ್ಲೇ ಹುಬ್ಬಳ್ಳಿಗೆ ಹೋಗಬೇಕಿದ್ದ ಕಫದ ಡಬ್ಬಿಗಳ ಜೊತೆಗೆ ರಕ್ತದ ನಳಿಕೆಗಳನ್ನೂ ಜೋಪಾನವಾಗಿ ಮಂಜಿನ ಪೆಟ್ಟಿಗೆಗೆ ಸೇರಿಸಿದಳು. ಕಫಕ್ಕೆ ತಂಪು ಬೇಕು. ರಕ್ತಕ್ಕೆ ಬೇಡ, ವಸುಧಾ ಹುಡುಕುವ ಕಾವಲಿನ ಜೀವಕೋಶಗಳು ಆ ತಂಪಿಗೆ ಕೆಲಸಕ್ಕೆ ಬಾರದಂತಾಗುತ್ತವೆ. ಸಂಜೆ ಹುಬ್ಬಳ್ಳಿಯ ಲ್ಯಾಬಿನಲ್ಲಿ ಪೆಟ್ಟಿಗೆ ತೆರೆದಾಗ ಅವಳ ಮುಖ ಹೇಗಾಗಬಹುದೆಂದು ಊಹಿಸಿದೆ. ಸುಮ್ಮನಿದ್ದರೆ ಸಾಕಿತ್ತು, ಯಾರೂ ನನ್ನತ್ತ ಬೊಟ್ಟು ಮಾಡುತ್ತಿರಲಿಲ್ಲ. ಶಾಂತಾ ತೋಳಿನ ಹತ್ತಿಯನ್ನು ಒತ್ತಿಕೊಂಡು ನಿಂತಿದ್ದಳು. "ಶೇವಂತಿ, ರಕ್ತ ಹೊರಗ ತಗೀರಿ, ಅದಕ್ಕ ಮಂಜು ಆಗೂದಿಲ್ಲ," ಅಂದೆ.

ವಸುಧಾ ದಿಬ್ಬ ಇಳಿದು ಬಂದು ನೋಡಿ ಗಾಬರಿಯಾದಳು, ಆಮೇಲೆ ನನ್ನ ಕೈ ಹಿಡಿದುಕೊಂಡಳು. ದಾಂಡೇಲಿ ಬರುವವರೆಗೂ ನನ್ನನ್ನು ಹೊಗಳಿದಳು. ಈಗ ಕೇಳಿಯೇ ಕೇಳುತ್ತಾಳೆ ಅಂದುಕೊಂಡೆ.

"ಒಂದ ಮಾತು ಕೇಳ್ಲೇನ?" ಅಂದಳು ಕೊನೆಗೆ. "ಲ್ಯಾಬಿಗೆ ಹೊಸಾ ಹುಡುಗಿ ತಗೊಂಡೇನಿ. ಶಾಣೇಕಿ, ಆದ್ರ ಇಂಥಾ ಕೆಲಸ ಏನೂ ಗೊತ್ತಿಲ್ಲ. ನಿನ್ನ ಹತ್ರ ನಾಕ ದಿನ ಕಳಸ್ಲೇನ?"

"ಖಾಲಿ ಇತ್ತಲ್ಲ, ಆ ಜಾಗಕ್ಕೇನ?"

"ಹೂಂ. ನಿನ್ನ ಕೇಳಬೇಕಂದಿದ್ದೆ. ನೀ ಇಲ್ಲೇ ಆರಾಮ ಅದೀಯಲ್ಲ, ಅದಕ್ಕ ಬಿಟ್ಟೆ."

"ಕಳಸು," ಅಂದೆ. ಬಂಗೂರನಗರದಲ್ಲಿ ನನ್ನನ್ನಿಳಿಸಿ ಕಾರು ಹುಬ್ಬಳ್ಳಿಯ ಕಡೆ ಹೋಯಿತು. ಕಣ್ಮರೆಯಾಗುವವರೆಗೂ ನೋಡುತ್ತ ನಿಂತೆ. ಆ ಹುಡುಗಿಯ ಹೆಸರನ್ನು ಕೂಡ ಕೇಳಿರಲಿಲ್ಲ, ಆಗಲೇ ಅವಳ ಮೇಲೂ ಹೊಟ್ಟೆ ಉರಿಯತೊಡಗಿತ್ತು.