ಫ್ರಿಜ್ಜಿನಲ್ಲಿಟ್ಟ ಇದ್ದಿಲು

ನಾನು ಆಳಂದದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಒಮ್ಮೆ ನಮ್ಮ ಫ್ರಿಜ್ಜಿನಲ್ಲಿ ಬೆಳ್ಳುಳ್ಳಿ, ಇಂಗಿನ ವಾಸನೆ ನಿಂತುಬಿಟ್ಟಿತು. ಹಾಲಿಗೂ ಅದೇ ವಾಸನೆ. ನಾನು ಒಂದು ಇದ್ದಿಲ ತುಂಡನ್ನು ಒಳಗಿಟ್ಟೆ. ಅನಿಲಗಳು ಘನವಸ್ತುವಿನ ಮೈಗೆ ಸಡಿಲವಾಗಿ ಅಂಟಿಕೊಳ್ಳುತ್ತವೆ, ತಂಪಿದ್ದಷ್ಟೂ ಹೆಚ್ಚು ಅಂಟುತ್ತವೆ ಎಂದು ಹೆಂಡತಿಗೆ ವಿವರಿಸಿದೆ. ವಾಸನೆ ಹೋಗಲಿಲ್ಲ. ಇದ್ದಿಲಿಗೆ ಇನ್ನಷ್ಟು ಮೈ ಬೇಕು ಎಂದೆ. ಅವಳು ಅದನ್ನು ಕುಟ್ಟಿ ಪುಡಿ ಮಾಡಿ ಅಗಲವಾದ ತಟ್ಟೆಯಲ್ಲಿ ಹರಡಿಟ್ಟಳು. ಹಾಲು ಮತ್ತೆ ಹಾಲಿನ ಹಾಗಾಯಿತು.

ಕೆಲವು ವಾರಗಳ ಮೇಲೆ ವಾಸನೆ ಮರಳಿತು.

"ಪುಡಿ ತುಂಬ್ಯಾದ. ಬಿಸಿ ಮಾಡಿದ್ರ ಹಿಡಿದಿದ್ದೆಲ್ಲ ಬಿಡ್ತದ, ಮತ್ತ ಕೆಲಸಕ್ಕ ಬರ್ತದ" ಎಂದೆ. ಎಲ್ಲಿಗೆ ಬಿಡುತ್ತದೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಭಾನುವಾರ ಅವಳು ಪುಡಿಯನ್ನು ಹಂಚಿನ ಮೇಲೆ ಕಾಯಿಸುತ್ತಿದ್ದಾಗ ಅಫಜಲಪುರದಿಂದ ಮಗಳ ಮಾವ ಬಂದರು. ಹೇಳದೆ ಬಂದಿದ್ದರು. ಮನೆಯೆಲ್ಲ ಬೆಳ್ಳುಳ್ಳಿ, ಇಂಗು. ಅವರು ಕುರ್ಚಿಯಲ್ಲಿ ಕೂತು ಮೂಗು ಎತ್ತಿದರು.

"ಒಗ್ಗರಣಿ ಘಮಾ ಭಾಳ ಛಲೋ ಬರಾಕತ್ತದ್ರಿ. ಏನ್ ಮಾಡ್ಯಾರ?"

ನಾನು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ ಒಳಗಿನಿಂದ, "ಬ್ಯಾಳಿರಿ ಬೀಗರ. ಇನ್ನೂ ಆಗಿಲ್ಲ, ಜರಾ ಕೂಡ್ರಿ" ಎಂದು, ಹಂಚು ಇಳಿಸಿ ತೊಗರಿಬೇಳೆ ಬೇಯಲಿಟ್ಟಳು.

ಬೀಗರು ಕಾದು ಕೂತು, ರೊಟ್ಟಿ ಬೇಳೆ ಹೊಟ್ಟೆ ತುಂಬ ಉಂಡರು.

"ಛಲೋ ಆಗ್ಯಾದ್ರಿ. ಆದ್ರ ಮೊದಲ ಬಂದ ಘಮಾ ಇದ್ರಾಗ ಇಲ್ಲ" ಎಂದರು.

"ಹೌದ್ರಿ" ಎಂದೆ.