ಮನೆಯ ಮಂದಿ ಎಂಬ ಖಾನೆ

ನನಗೆ ಉರ್ದು ಬರುತ್ತದೆ ಎಂಬ ಸುದ್ದಿ ಚಿತ್ತಾಪುರದ ನಮ್ಮ ಓಣಿಯಲ್ಲಿ ಹಬ್ಬಿದ್ದೇ ನನ್ನ ಕಷ್ಟಗಳ ಮೂಲ. ಸುದ್ದಿ ಸುಳ್ಳಲ್ಲ. ನಿಜಾಮರ ಸರ್ಕಾರದ ಶಾಲೆಯಲ್ಲಿ ಉರ್ದುವಿನಲ್ಲೇ ಕಲಿತು, ಉರ್ದುವಿನಲ್ಲೇ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಮಾಸ್ತರ ನಾನು. ಹೀಗಾಗಿ ಮನೆಗಳಿಗೆ ನಳ ಬಂದು, ಅದರ ಬೆನ್ನಿಗೇ ನೀರಿನ ಬಿಲ್ಲೂ ಬಂದಾಗ, ಓಣಿಯವರೆಲ್ಲ ತಮ್ಮ ತಮ್ಮ ಚೀಟಿ ಹಿಡಿದು ನಮ್ಮ ಕಟ್ಟೆಗೆ ಬಂದರು. ನಾನು ಕನ್ನಡಕ ಒರೆಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದೆ. "ಅಂದ್ರ ಏನ್ರಿ ಮಾಸ್ತರ?" ಎಂದು ಯಾರಾದರೂ ಕೇಳಿದರೆ ಮತ್ತೊಮ್ಮೆ, ಇನ್ನಷ್ಟು ಗಟ್ಟಿಯಾಗಿ ಓದುತ್ತಿದ್ದೆ. ಅರ್ಥ ನನಗೂ ಆಗಿರಲಿಲ್ಲ.

ಮೊದಲು ಮುಗ್ಗರಿಸುತ್ತಿದ್ದದ್ದು ತಿಂಗಳಿನಲ್ಲಿ. ಬಿಲ್ಲಿನಲ್ಲಿ ನಿಜಾಮರ ಫಸಲಿ ಲೆಕ್ಕದ ಖುರ್ದಾದ್. ಅವ್ವನ ಪಂಚಾಂಗದಲ್ಲಿ ಅದೇ ಚೈತ್ರ. ವಾಡಿ ಸ್ಟೇಷನ್ನಿನ ಗೋಡೆಯ ಮೇಲೆ ಏಪ್ರಿಲ್. ಯಾವ ತಿಂಗಳ ನೀರು ಕುಡಿದೆವೆಂದೇ ತಿಳಿಯದವನು ಎಷ್ಟು ಕುಡಿದೆವೆಂದು ಹೇಗೆ ಹೇಳಿಯಾನು? ಆಮೇಲೆ ಗ್ಯಾಲನ್. ನಮ್ಮಲ್ಲಿ ನೀರನ್ನು ಅಳೆಯುವುದು ಕೊಡದಿಂದ. ಗ್ಯಾಲನ್ನಿಗೆ ಎಷ್ಟು ಕೊಡ ಎಂದು ಪತ್ತೆಹಚ್ಚಲು ಒಂದು ಶುಕ್ರವಾರದ ರಜೆ ಪೂರ್ತಿ ಕಳೆದೆ. ಮನೆಯ ಐದು ಕೊಡಗಳಲ್ಲಿ ಒಂದರ ಅಳತೆ ಇನ್ನೊಂದಕ್ಕಿರಲಿಲ್ಲ. ಪ್ರತಿಯೊಂದೂ ಬೇರೆ ಬೇರೆ ಕಡೆ ನೆಗ್ಗಿತ್ತು. ಸಂಜೆ ಹೊತ್ತಿಗೆ ಅಂಗಳ ಕೆಸರಾಗಿತ್ತು, ಲೆಕ್ಕ ಮಾತ್ರ ಒಣಗಿಯೇ ಇತ್ತು.

ಬಿಲ್ಲು ಕೊಡಲು ಬರುತ್ತಿದ್ದ ನಳದ ಕಚೇರಿಯ ಕಾರಕೂನ ಖಾಜಾಮಿಯಾರನ್ನು ಕೇಳಿದೆ. ದರ ನಳವೊಂದಕ್ಕೆ ಇಷ್ಟು ಎಂದೇ ಇರುವುದಂತೆ. ಗ್ಯಾಲನ್ ಎಷ್ಟಾದರೂ ಒಂದೇ.

"ಹಂಗಾದ್ರ ಗ್ಯಾಲನ್ ಯಾಕ ಬರೀತೀರಿ?"

"ಬಿಲ್ಲಿನಾಗ ಅದಕ್ಕೊಂದು ಖಾನೆ ಅದಲ್ರಿ ಮಾಸ್ತರ್ ಸಾಬ್. ಖಾನೆ ಖಾಲಿ ಬಿಡಬಾರದು. ಅಂದಾಜು ಬರೀತೀನಿ."

ಮೋರಿಪಟ್ಟಿಯದು ಇನ್ನೊಂದು ಗೋಳು. ಒಳಗೆ ಬಂದ ನೀರೆಲ್ಲ ಹೊರಗೆ ಹೋಗಲೇಬೇಕು ಎಂಬುದು ಕಚೇರಿಯ ತತ್ವ. ಅದಕ್ಕೆ ನೀರಪಟ್ಟಿಯ ಜೊತೆ ಮೋರಿಗೂ ಒಂದು ಕರ. ನಮ್ಮ ಬಚ್ಚಲ ನೀರು ಮೋರಿಯ ಮುಖವನ್ನೇ ನೋಡದೆ ಲಿಂಬಿಗಿಡದ ಬುಡಕ್ಕೆ ಹೋಗುತ್ತಿತ್ತು. ಹಾಗೆಂದು ಹೇಳಿದರೆ ಗಿಡಕ್ಕೂ ಒಂದು ಖಾನೆ ತೆರೆದಾರೆಂದು ಹೆದರಿ ಸುಮ್ಮನಾದೆ. ಇವೆಲ್ಲದರ ಕೆಳಗೆ 'ಮನೆಯ ಮಂದಿ ಎಷ್ಟು' ಎಂಬ ಖಾನೆಯೂ ಇತ್ತು. ನಾನು, ನನ್ನಾಕೆ, ಮಗಳು, ಅವ್ವ, ಒಟ್ಟು ನಾಲ್ಕು. ಇದರಿಂದಲೂ ದರ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಗೊಂದಲದಲ್ಲೇ ಸುಖವಾಗಿರುತ್ತಿದ್ದೆ. ಆದರೆ ಆ ಚೈತ್ರದಲ್ಲಿ ಅವ್ವ ಬಾಗಿಲ ಮುಂದೆ ಅರವಟ್ಟಿಗೆ ಇಟ್ಟಳು. ಬಾವಿಯಿಂದ ಸೇದುವಾಗ ಆಗದಿದ್ದದ್ದು ನಳ ಬಂದ ಮೇಲೆ ಸಾಧ್ಯವಾಗಿತ್ತು. ಅವಳಿಗೆ ಎಷ್ಟೋ ವರ್ಷದ ಆಸೆ ತೀರಿತ್ತು. ಬಜಾರಕ್ಕೆ ಜೋಳ ತರುವ ತೆಂಗಳಿ ಊರಿನ ಒಕ್ಕಲಿಗರು ಗಾಡಿ ನಿಲ್ಲಿಸಿ ಕುಡಿಯುತ್ತಿದ್ದರು. ಪುಕಟ ಕುಡಿಯಲು ಅವರಿಗೆ ಸಂಕೋಚ, ದುಡ್ಡು ಮುಟ್ಟಲು ಅವ್ವನಿಗೆ ಅಸಹ್ಯ. ಕೊನೆಗೆ ಅವ್ವನೇ ದಾರಿ ತೋರಿಸಿದಳು: "ಒಂದು ಹಿಡಿ ಜ್ವಾಳ ಆ ಫರ್ಸಿ ಮ್ಯಾಲ ಚೆಲ್ಲಿ ಹೋಗ್ರಿ, ಗುಬ್ಬಿ ತಿಂತಾವ." ಕುಡಿದವರು ಬಾಗಿಲ ಮುಂದಿನ ಶಾಬಾದಿ ಕಲ್ಲಿನ ಮೇಲೆ ಹಿಡಿ ಜೋಳ ಚೆಲ್ಲಿ ಹೋಗುತ್ತಿದ್ದರು.

ಖಾಜಾಮಿಯಾ ಅದನ್ನು ನೋಡಿದರು. ಕ್ಷೌರಿಕನಿಂದ ಬಡಿಗನವರೆಗೆ ಎಲ್ಲರ ಕೂಲಿಯೂ ಜೋಳದಲ್ಲೇ ಸಲ್ಲುವ ಸೀಮೆ ಇದು. ಅವರಿಗೆ ಹೊಳೆದದ್ದು ಒಂದೇ ಅರ್ಥ.

"ಮಾಸ್ತರ್ ಸಾಬ್, ಜ್ವಾಳಕ್ಕ ನೀರು ಮಾರಾಕತ್ತೀರಿ! ಇದು ಘರೇಲು ನಳ ಅಲ್ಲ, ತಿಜಾರತಿ. ದರ ಎರಡರಷ್ಟು. ಎಂಟು ದಿನದಾಗ ಇದನ್ನ ಎತ್ತದಿದ್ರ ನಾ ಹಂಗೇ ಬರೀಬೇಕಾಗ್ತದ."

ಮನೆಬಳಕೆಗೂ ವ್ಯಾಪಾರಕ್ಕೂ ಬೇರೆ ದರವೆಂಬುದು ನನಗೆ ಗೊತ್ತಾದದ್ದೇ ಆಗ. ಗುಬ್ಬಿಯ ಕಥೆ ಹೇಳಿದೆ. ಲೆಕ್ಕದ ಮಾಸ್ತರನ ಬಾಯಲ್ಲಿ ಅದು ನನಗೇ ಸುಳ್ಳೆನಿಸಿತು. ಎರಡರಷ್ಟು ದರ ತಾಳುವ ಶಕ್ತಿ ನನ್ನ ಸಂಬಳಕ್ಕಿರಲಿಲ್ಲ. "ಈ ವರ್ಷಕ್ಕ ಸಾಕು ಮಾಡವ್ವ" ಎಂದೆ. ಅವಳು ಕೊಡದ ನೀರನ್ನು ಲಿಂಬಿಗಿಡಕ್ಕೆ ಸುರಿದು, ಕೊಡವನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು. ಆ ದಿನವಿಡೀ ನನಗೆ ಹೆತ್ತವಳ ಕೈ ಹಿಡಿದು ನಿಲ್ಲಿಸಿದ ನಾಚಿಕೆ.

ಎಂಟನೆಯ ದಿನ ಉರಿಬಿಸಿಲಿನಲ್ಲಿ ಖಾಜಾಮಿಯಾ ಬಂದರು. ಬೋರಲು ಬಿದ್ದ ಕೊಡ ನೋಡಿ ಅವರ ಮುಖವೂ ಸಣ್ಣಗಾಯಿತು. ಕಟ್ಟೆಯ ಮೇಲೆ ಕೂತ ಅವರಿಗೆ ಅವ್ವ ಒಳಗಿನಿಂದ ತಂಬಿಗೆ ನೀರು ತಂದುಕೊಟ್ಟಳು. ಅವರು ಕುಡಿಯುತ್ತಿರುವಾಗಲೇ ತೆಂಗಳಿಯ ಮುದುಕನೊಬ್ಬ ಗಾಡಿ ನಿಲ್ಲಿಸಿ ಬಂದ. ಕೊಡ ನೋಡಿದ, ತುಟಿ ಸವರಿಕೊಂಡ. ನಮ್ಮನ್ನು ಏನೂ ಕೇಳದೆ, ಚೀಲಕ್ಕೆ ಕೈಹಾಕಿ ಒಂದು ಹಿಡಿ ಜೋಳ ಫರ್ಸಿಯ ಮೇಲೆ ಚೆಲ್ಲಿ ಹೊರಟ.

"ಏ ಮುತ್ಯಾ, ನೀರೇ ಸಿಕ್ಕಿಲ್ಲ, ಜ್ವಾಳ ಯಾಕ ಹಾಕ್ದಿ?" ಎಂದರು ಖಾಜಾಮಿಯಾ.

ಮುದುಕ ತಿರುಗಿ ನೋಡಿದ. "ನನಗ ನೀರಿಲ್ಲಂತ ಗುಬ್ಬಿ ಉಪಾಸ ಇರಬೇಕೇನ್ರಿ ಸಾಹೇಬ್ರ?"

ಸೂರಿನಿಂದ ಗುಬ್ಬಿಗಳು ಇಳಿದವು. ಖಾಜಾಮಿಯಾ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವುಗಳನ್ನೇ ನೋಡುತ್ತ ಕೂತರು. ಅವ್ವ ಮುದುಕನನ್ನು ಕರೆದು ನೀರು ಕೊಟ್ಟಳು, ಯಾರೂ ತಡೆಯಲಿಲ್ಲ.

"ತಿಜಾರತಿ ಅಲ್ಲ ಬಿಡ್ರಿ," ಎಂದರು ಖಾಜಾಮಿಯಾ ಕೊನೆಗೆ. "ಆದ್ರ ಘರೇಲು ನಳದ ನೀರು ಮನೀ ಮಂದಿಗೆ ಮಾತ್ರ ಅಂತ ಕಾಯ್ದೆ ಅದ. ಪುಕಟ ಕೊಡೋರಿಗೆ ನಮ್ಮ ಕಾಗದದಾಗ ಖಾನೆನೇ ಇಲ್ಲ. ಏನರ ನೋಡ್ತೀನಿ."

ಏನು ನೋಡುತ್ತಾರೋ ಎಂದು ನಾನು ಇಡೀ ತಿಂಗಳು ತಳಮಳಿಸಿದೆ. ಅವ್ವ ಮಾತ್ರ ಆ ಗಳಿಗೆಯಲ್ಲೇ ಕೊಡ ಎತ್ತಿ ನಿಲ್ಲಿಸಿದ್ದಳು.

ಬಿಲ್ಲು ಬಂತು. ತಿಂಗಳು 'ತೀರ್' ಎಂದಿತ್ತು, ನನಗೆ ಯಾವುದೆಂದು ಹೊಳೆಯಲಿಲ್ಲ. ಗ್ಯಾಲನ್ ಅಂದಾಜು, ಮೋರಿಪಟ್ಟಿ ಎಂದಿನಂತೆ, ನಳ ಘರೇಲು, ದರ ಹಳೆಯದೇ. ಕೆಳಗೆ 'ಮನೆಯ ಮಂದಿ' ಖಾನೆಯಲ್ಲಿ ನಾಲ್ಕು ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಚಂದದ ಅಕ್ಷರದಲ್ಲಿ 'ಬೇಹಿಸಾಬ್' ಎಂದು ಬರೆದಿತ್ತು.

ನಾನು ಓದಿದೆ.

"ಅಂದ್ರ ಏನೋ?" ಎಂದಳು ಅವ್ವ.

ಈ ಸಲ ಗಟ್ಟಿಯಾಗಿ ಓದುವ ಅಗತ್ಯ ಬೀಳಲಿಲ್ಲ. "ನಮ್ಮ ಮನ್ಯಾಗ ಲೆಕ್ಕ ಇಲ್ಲದಷ್ಟು ಮಂದಿ ಇದ್ದಾರಂತವ್ವ."

"ಖರೇನ ಬರದಾನಲ್ಲ," ಎಂದು ಅವ್ವ ಕೊಡ ತುಂಬಿಸಲು ಎದ್ದಳು.