ದೊಡ್ಡವರಿಲ್ಲದ ಗರಡಿ

ಉತ್ತರ ಫಿಲಡೆಲ್ಫಿಯಾದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಟೈರ್ ಅಂಗಡಿಯ ಮೇಲಿನ ಬಾಕ್ಸಿಂಗ್ ಗರಡಿಯಲ್ಲಿ ಲೂಷಿಯಸ್ ಪೆಟ್‌ವೇ ತಮ್ಮಷ್ಟೇ ಎತ್ತರದ ಪಂಚಿಂಗ್ ಬ್ಯಾಗನ್ನು ತಬ್ಬಿಕೊಂಡು ನಿಂತಿದ್ದಾರೆ. ರಾಟೆಯ ಸರಪಳಿ ಸಡಿಲಿಸಿ ಅದನ್ನು ನೆಲಕ್ಕಿಳಿಸುತ್ತಾರೆ, ಉಸ್ಸೆಂದು ಕೂರುತ್ತಾರೆ, ಮತ್ತೆ ಎದ್ದು ತಲೆಕೆಳಗು ಮಾಡಿ ನೇತುಹಾಕುತ್ತಾರೆ. ಎಪ್ಪತ್ತು ದಾಟಿದವರು ಮಾಡುವ ಕೆಲಸವಲ್ಲ ಅದು. ಹಾಗಂತ ಹೇಳಿದ ಡಾಕ್ಟರನ್ನೇ ಅವರು ಬದಲಾಯಿಸಿದ್ದಾರೆ.

"ಹಂಗೇ ಬಿಟ್ರೆ ಒಳಗಿನ ಬಟ್ಟೆಚೂರೆಲ್ಲ ಕೆಳಗೆ ಕೂತು ಕಲ್ಲಾಗುತ್ತೆ. ಗುದ್ದಿದೋನ ಮಣಿಕಟ್ಟು ಹೋಯ್ತು ಅಂತಲೇ ಲೆಕ್ಕ," ಎನ್ನುತ್ತಾರೆ.

ಇದು ಹೆವಿವೇಟ್‌ಗಳ ಬ್ಯಾಗು. ಸಣ್ಣ ತೂಕದವರು ಮುಟ್ಟಬಾರದು ಎಂಬುದು ಇಲ್ಲಿಯ ಹಳೆಯ ಪದ್ಧತಿ. ಆ ತೂಕದವರು ಈಗ ಬರುವುದಿಲ್ಲ, ಹಾಗಾಗಿ ಯಾರೂ ಮುಟ್ಟುವುದಿಲ್ಲ.

ಲೂಷಿಯಸ್‌ರ ಹರೆಯದಲ್ಲಿ ಇದರ ಮುಂದೆ ಸರತಿ ಇತ್ತು. ಬಂದರಿನಲ್ಲಿ ಮೂಟೆ ಹೊರುವವರು, ಮಾಂಸದ ಮಂಡಿಯವರು, ಕುಲುಮೆಯವರು, ಎಲ್ಲ ಬಾಗಿಲು ತುಂಬುವ ಆಳುಗಳು. ಅವರಲ್ಲಿ ತೀರಾ ಸಾಧಾರಣದವನೂ ಹೊರದೇಶದ ಹೆಸರುವಾಸಿಗಳ ಬೆವರಿಳಿಸುತ್ತಿದ್ದ. "ನಾನು ಗೆದ್ದಿದ್ದಕ್ಕಿಂತ ಬಿದ್ದಿದ್ದೇ ಜಾಸ್ತಿ. ಆದ್ರೆ ನನ್ನ ಬೀಳಿಸಿದೋರೆಲ್ಲ ಇದೇ ಬೀದಿಯೋರು ಕಣಪ್ಪ," ಎಂದು ಜಂಬದಿಂದಲೇ ಹೇಳಿಕೊಳ್ಳುತ್ತಾರೆ.

ಹೆವಿವೇಟ್ ಚಾಂಪಿಯನ್ ಪಟ್ಟ ಈಗ ಸಮುದ್ರ ದಾಟಿದೆ. ಬೀದಿ ಕೊನೆಯ ಬಾರಿನ ಕಟ್ಟೆಪಂಚಾಯಿತಿ ಕೇಳಿದರೆ, ನಮ್ಮ ಹುಡುಗರು ಮೆತ್ತಗಾದರು, ಅಷ್ಟೇ ಕಾರಣ. ಈ ಗರಡಿಗೆ ಬಂದುಹೋಗುತ್ತಾ ಇಪ್ಪತ್ತು ವರ್ಷದಿಂದ ಇದೇ ಮಾತು ಕೇಳಿ ನನಗೂ ಸಾಕಾಗಿದೆ. ಲೂಷಿಯಸ್ ಮಾತ್ರ ಪ್ರತಿಸಲವೂ ಹೊಸದಾಗಿ ಸಿಟ್ಟಾಗುತ್ತಾರೆ.

"ಮೆತ್ತಗಾದ್ರಾ? ಭಾನುವಾರ ಟೀವೀಲಿ ಮೈಮೇಲೆ ಬಿದ್ದು ಕೆಡವೋ ನಮ್ಮ ಫುಟ್‌ಬಾಲ್ ನೋಡು, ದೊಡ್ಡೋರೆಲ್ಲ ಅಲ್ಲವ್ರೆ. ಶಾಲೇಲೇ ಬೂಟು ಕೊಟ್ಟು, ಊಟ ಹಾಕಿ, ಕಾಲೇಜಿಗೆ ಕರ್ಕೊಂಡು ಹೋಗ್ತಾರೆ. ನಾನೇನು ಕೊಡ್ತೀನಿ, ಮೂಗಿಗೊಂದು ಗುದ್ದು. ಪಟ್ಟ ತಗೊಂಡು ಹೋದ ಆ ಕಡೆ ದೇಶದೋರು ದೊಡ್ಡ ಹುಡುಗ್ರನ್ನ ಹುಡುಕಿ ಒಂದೇ ಸೂರಿನ ಕೆಳಗೆ ಹಾಕಿ ಬೆಳೆಸಿದ್ರು. ನಮ್ಮೋರು ಮೆತ್ತಗಾಗಿಲ್ಲ, ಒಂಟಿಯಾದ್ರು."

ಹಾಗಿರುವಾಗ ಕಳೆದ ವರ್ಷ ಮಾರ್ವೆಲ್ ಗ್ಯಾಸ್ಕಿನ್ಸ್ ಮೆಟ್ಟಿಲು ಹತ್ತಿ ಬಂದ. ಮನೆಮನೆಗೆ ಫ್ರಿಜ್ ಹೊತ್ತು ಹಾಕುವವನು. ಫುಟ್‌ಬಾಲ್ ಅವನ ಮಂಡಿಯನ್ನು ತಿಂದು ಮನೆಗೆ ಕಳಿಸಿತ್ತು. ಹೆಂಡತಿ ತೀರಿಕೊಂಡ ಮೇಲೆ ಗರಡಿಯೇ ಮನೆಯಾಗಿದ್ದ ಲೂಷಿಯಸ್‌ಗೆ ಎಲ್ಲೋ ಕಳೆದುಹೋದ ನೆಂಟ ಸಿಕ್ಕಂತಾಯಿತು. ಬ್ಯಾಗು ಮತ್ತೆ ಧಡ್ ಧಡ್ ಎನ್ನತೊಡಗಿತು. ಆದರೆ ಚೀಲ ತಿರುಗಿ ಹೊಡೆಯುವುದಿಲ್ಲವಲ್ಲ. ಎದುರಿಗೆ ನಿಲ್ಲಲು ಇದ್ದವನು ಟೋನ್ಯೊ ರೊಸಾಡೊ ಒಬ್ಬನೇ, ಬ್ರೆಡ್ ವ್ಯಾನಿನ ಡ್ರೈವರ್, ತೂಕದಲ್ಲಿ ಮಾರ್ವೆಲ್‌ನ ಅರ್ಧ.

"ಏಯ್ ಬೆಟ್ಟಪ್ಪ, ಮೆಲ್ಲಗೆ ಕಣೋ! ಮನೇಲಿ ಹೆಂಡ್ತಿ ನನ್ನ ಗುರುತು ಹಿಡೀಬೇಕು," ಎಂದು ಟೋನ್ಯೊ ಕೂಗುತ್ತಿದ್ದ.

"ಕೈ ತಡಿ ಮಾರ್ವೆಲ್, ಕೈ ತಡಿ!" ಎಂದು ಲೂಷಿಯಸ್ ಮೂಲೆಯಿಂದ ಗದರುತ್ತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಈ ಅಭ್ಯಾಸ ವರ್ಷವಿಡೀ ನಡೆಯಿತು.

ಕಳೆದ ತಿಂಗಳು ಆಲೆನ್‌ಟೌನ್‌ನ ಪಂದ್ಯದಲ್ಲಿ ಮಾರ್ವೆಲ್‌ಗೆ ಕೊನೆಗೂ ತನ್ನ ತೂಕದ ಎದುರಾಳಿ ಸಿಕ್ಕ. ನಾನೂ ಹೋಗಿದ್ದೆ. ಎರಡನೇ ಸುತ್ತಿನಲ್ಲಿ ಎದುರಾಳಿ ಸುಸ್ತಾಗಿ ಕೈ ಇಳಿಸಿದ; ಗದ್ದ ಪೂರ್ತಿ ಬಯಲಾಯಿತು. ಮಾರ್ವೆಲ್‌ನ ಬಲಗೈ ಹೊರಟಿತು. ಗದ್ದ ಇನ್ನೂ ಗೇಣು ದೂರವಿರುವಾಗ ತಾನಾಗಿಯೇ ನಿಂತುಬಿಟ್ಟಿತು. ಮತ್ತೆ ಹೊರಟಿತು, ಮತ್ತೆ ನಿಂತಿತು. ಜನ ನಕ್ಕರು.

ಸೋತು ಬಂದು ಬೆಂಚಿನ ಮೇಲೆ ಕುಳಿತ ಮಾರ್ವೆಲ್ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ. "ಕೋಚ್, ನನ್ನ ಕೈಗೆ ಏನಾಯ್ತು? ನಾನು ಪುಕ್ಕಲನಾ?"

"ನಿನ್ನ ಕೈಗೆ ಏನೂ ಆಗಿಲ್ಲ ಮಗಾ. ನಾನು ಏನು ಹೇಳ್ಕೊಟ್ಟೆನೋ ಅದನ್ನೇ ಮಾಡ್ತು," ಎಂದರು ಲೂಷಿಯಸ್. ಬಾಗಿ ಅವನ ಕೈಗೆ ಸುತ್ತಿದ್ದ ಬ್ಯಾಂಡೇಜ್ ಬಿಚ್ಚತೊಡಗಿದರು.

ಎದುರಾಳಿಯ ಗುರು ರುಸ್ತಮ್ ಯುಲ್ದಾಶೆವ್ ಉಜ್ಬೆಕಿಸ್ತಾನದಿಂದ ಬಂದು ಬ್ರೂಕ್ಲಿನ್‌ನಲ್ಲಿ ಗರಡಿ ಇಟ್ಟವರು. ಪಟ್ಟ ಕಸಿದುಕೊಂಡ ಆ ಕಡೆಯ ದೇಶದವರೆಂದು ಲೂಷಿಯಸ್ ಅವರ ಕೈ ಕುಲುಕಿದ್ದೂ ಇರಲಿಲ್ಲ. ಅವತ್ತು ತಾವೇ ಎದ್ದು ಅವರ ಬಳಿ ಹೋದರು.

"ನಿನ್ನ ಹತ್ರ ದೊಡ್ಡೋರು ಎಷ್ಟು ಜನ ಇದಾರೆ?"

"ಐದು. ಯಾಕೆ ಯಜಮಾನ್ರೇ?"

"ಆರು ಮಾಡ್ಕೋ."

ಹಿಂದಿನಿಂದ ಕೇಳಿಸಿಕೊಂಡ ಮಾರ್ವೆಲ್ ಸಿಡಿದೆದ್ದ. "ನನ್ನ ಹೊರಗೆ ಹಾಕ್ತಿದೀಯಾ ಕೋಚ್?"

"ಹೂಂ. ಮನೇಲಿ ಊಟ ಇಲ್ಲದಾಗ ನೆಂಟರ ಮನೆಗೆ ಕಳಿಸ್ತಾರೆ. ಹೊಟ್ಟೆ ತುಂಬ ಏಟು ತಿಂದ್ಕೊಂಡು ಬಾ, ಹೋಗು."

ಮಾರ್ವೆಲ್ ಬ್ರೂಕ್ಲಿನ್ನಿಗೆ ಹೋಗಿ ಮೂರು ವಾರವಾಗಿದೆ. ಮೂಗು ಒಡೆದಿದೆಯಂತೆ, ಕೈ ಈಗ ನಿಲ್ಲುತ್ತಿಲ್ಲವಂತೆ; ಫೋನಿನಲ್ಲಿ ಖುಷಿಯಿಂದ ಹೇಳಿದನಂತೆ. ಅದನ್ನು ನನಗೆ ಹೇಳುವಾಗ ಲೂಷಿಯಸ್ ನಕ್ಕರು, ಆಮೇಲೆ ಎದ್ದು ಹೋಗಿ ಕಿಟಕಿ ತೆರೆದರು.

ಟೋನ್ಯೊ ಬ್ರೆಡ್ ಹಂಚಿ ಬರಲು ಇನ್ನೂ ಹೊತ್ತಿದೆ. ತಲೆಕೆಳಗಾದ ಬ್ಯಾಗು ಸರಪಳಿಯಲ್ಲಿ ಸಣ್ಣಗೆ ತೂಗುತ್ತಿದೆ. ಗುದ್ದುವವರೇ ಇಲ್ಲದಿರುವಾಗ ಇದನ್ನು ದಿನಾ ಯಾಕೆ ತಿರುಗಿಸುತ್ತೀರಿ ಎಂದು ಕೇಳುತ್ತೇನೆ.

"ನಾಳೆ ಯಾರಾದ್ರೂ ಮೆಟ್ಟಿಲು ಹತ್ತಿ ಬಂದ್ರೆ?" ಎನ್ನುತ್ತಾ ಅವರು ಬ್ಯಾಗಿನ ತಳವನ್ನು ಅಂಗೈಯಿಂದ ಒತ್ತಿ ನೋಡುತ್ತಾರೆ. "ಆದ್ರೆ ದೇವ್ರನ್ನ ನಾನು ಕೇಳ್ಕೊಳ್ಳೋದು ಇಷ್ಟೇ. ಕಳಿಸಿದ್ರೆ ಇಬ್ಬರನ್ನ ಕಳಿಸಪ್ಪ. ಒಬ್ಬನೇ ಆದ್ರೆ ಬೇಡ."